ಒಂದೂವರೆ ಜಿಬಿ ಎಂದರೆ ಎಷ್ಟು ಗಂಟೆ? ಮನೆಯ ನೆಟ್ ಖರ್ಚು ಮತ್ತು ಮಕ್ಕಳ ಫೋನು



ಕಳೆದ ದಸರಾ ರಜೆಗೆ ಊರಿಗೆ ಹೋಗಿ ಬ್ಯಾಗ್ ಇಳಿಸುವ ಮೊದಲೇ ಅವ್ವ ಹೇಳಿದ ಸುದ್ದಿ ಇದು: "ನಿನ್ ತಂಗೀದು ರಿಚಾರ್ಜ್ ಬಂದ್ ಮಾಡೀವಿ ನೋಡಪಾ. ಓದೂದಿಲ್ಲ ಬರಿಯೂದಿಲ್ಲ, ಬರೇ ಫೋನು." ತಂಗಿ ಈ ವರ್ಷ ಎಸ್ಸೆಸ್ಸೆಲ್ಸಿ. ಅಡುಗೆಮನೆ ಬಾಗಿಲಿಗೆ ಆನಿಕೊಂಡು ಸುಮ್ಮನೆ ನಿಂತಿದ್ದಳು. ಅಪ್ಪ ಇನ್ನೊಂದು ಮಾತು ಸೇರಿಸಿದ: "ನಾಕ್ ಫೋನಿಗೆ ಹಾಕಿ ಹಾಕಿ ಸಾಕಾಗೇದ. ಒಂದಾದ್ರೂ ಕಡಿಮಿ ಆಗ್ಲಿ."

ಪಿಯುಸಿ ಓದುವ ತಮ್ಮನ ರಿಚಾರ್ಜ್ ಮಾತ್ರ ನಡೆದೇ ಇತ್ತು. ಅವನು ಫೋನು ನೋಡುವುದು ತಂಗಿಗಿಂತ ಕಡಿಮೆಯೇನಲ್ಲ. ಖರ್ಚು ಹೆಚ್ಚಾಯಿತು ಎನ್ನುವ ಸಿಟ್ಟು, ಮಕ್ಕಳು ಕೆಡುತ್ತಾರೆ ಎನ್ನುವ ಅಂಜಿಕೆ, ಇವೆರಡೂ ಒಟ್ಟಿಗೆ ಬಂದಾಗ ಮನೆಯಲ್ಲಿ ಮೊದಲು ಬಂದ್ ಆಗುವುದು ಹೆಣ್ಣುಮಗಳ ಫೋನೇ. ಇದು ನಮ್ಮ ಮನೆಯ ಮಾತಷ್ಟೇ ಅಲ್ಲ. ದೇಶದ ಹಳ್ಳಿಗಳಲ್ಲಿ ನಡೆದ 2023ರ 'ಅಸರ್' ಸಮೀಕ್ಷೆಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಲು ಬರುವ 14ರಿಂದ 18 ವರ್ಷದ ಹುಡುಗರಲ್ಲಿ ಶೇಕಡಾ 43.7 ಮಂದಿಗೆ ಸ್ವಂತ ಫೋನಿತ್ತು. ಹುಡುಗಿಯರಲ್ಲಿ ಶೇಕಡಾ 19.8 ಮಂದಿಗೆ.

ಎಂಬಿಪಿಎಸ್ ಎಂದರೇನು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು ನಾನು. ಆದ್ರೆ ನಮ್ಮ ಮನೆಯಿಂದ ವರ್ಷಕ್ಕೆ ನೆಟ್ಟಿಗೆ ಎಷ್ಟು ಹೋಗ್ತದೆ ಅಂತ ಅಪ್ಪ ಕೇಳಿದಾಗ ಬಾಯಿ ಬಿಡಲಾಗಲಿಲ್ಲ. ನಮ್ಮ ಬಳಗ ವಿಜಯಪುರ ಜಿಲ್ಲೆಯ ನಾಲ್ಕು ತಾಲೂಕುಗಳಲ್ಲಿ ಹಂಚಿಹೋಗಿದೆ. ನಮ್ಮ ಮನೆ ಸಿಂದಗಿ ಕಡೆ, ಅಕ್ಕನ ಗಂಡನ ಮನೆ ಇಂಡಿ ಕಡೆ, ಕಾಕಾ ಮುದ್ದೇಬಿಹಾಳದಲ್ಲಿ, ಮಾಮಾ ಬಸವನ ಬಾಗೇವಾಡಿ ಹತ್ತಿರದ ಹಳ್ಳಿಯಲ್ಲಿ. ಹಬ್ಬಕ್ಕೆ ಬನ್ನಿ ಕೊಡಲು ಹೇಗೂ ಎಲ್ಲ ಕಡೆ ತಿರುಗಬೇಕಿತ್ತು. ಜೊತೆಗೆ ಒಂದು ನೋಟ್‌ಬುಕ್ ಒಯ್ದೆ. ನಾಲ್ಕು ಮನೆಯ ಲೆಕ್ಕ ಹಾಕಿದಾಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನೀವೂ ನಿಮ್ಮ ಮನೆಯಲ್ಲಿ ಮಾಡಿ ನೋಡಬಹುದು.

450 ಎಂಬ ಅಂಕಿ

ಮೊದಲು ಒಂದು ಸಣ್ಣ ಗಣಿತ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಒಂದು ಗಂಟೆ ನೆಟ್ ಹರಿದರೆ 3600 ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟ್. ಅಂದರೆ 450 ಮೆಗಾಬೈಟ್. ಈ ಒಂದು ಅಂಕಿ ನೆನಪಿದ್ದರೆ ಜಿಬಿಯನ್ನು ಗಂಟೆಗೆ, ಗಂಟೆಯನ್ನು ಜಿಬಿಗೆ ಬದಲಿಸಬಹುದು.

ಯೂಟ್ಯೂಬಿನಲ್ಲಿ 480ಪಿ ವಿಡಿಯೊಗೆ ಸುಮಾರು 1 ಎಂಬಿಪಿಎಸ್ ಬೇಕು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದರೆ ಮೂರು ಗಂಟೆ ಇಪ್ಪತ್ತು ನಿಮಿಷ ಬರುತ್ತದೆ. 720ಪಿ ಇಟ್ಟರೆ ಎರಡೂವರೆ ಎಂಬಿಪಿಎಸ್ ಆಸುಪಾಸು, ಆಗ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಪ್ಯಾಕ್ ಖಾಲಿ. 1080ಪಿ ಆದರೆ ನಲವತ್ತೇ ನಿಮಿಷ. ವಿಡಿಯೊದಿಂದ ವಿಡಿಯೊಗೆ ಇದು ಹೆಚ್ಚುಕಮ್ಮಿ ಆಗುತ್ತದೆ, ಆದರೆ ಅಂದಾಜಿಗೆ ಸಾಕು. ತಂಗಿಯ ಫೋನಿನಲ್ಲಿ ಯೂಟ್ಯೂಬಿನ ಕ್ವಾಲಿಟಿ 'ಹೈಯರ್ ಪಿಕ್ಚರ್ ಕ್ವಾಲಿಟಿ' ಮೇಲೆ ಇತ್ತು. ಅವಳಿಗದು ಗೊತ್ತೇ ಇರಲಿಲ್ಲ. ಗಣಿತದ ಪಾಠ ಎರಡು ನೋಡುವಷ್ಟರಲ್ಲಿ "ನೆಟ್ ಮುಗೀತು" ಅಂತಿದ್ದಳು. ಅವ್ವನಿಗೆ ಅದು "ದಿನಪೂರ್ತಿ ನೋಡ್ತಾಳ" ಅಂತ ಕೇಳಿಸುತ್ತಿತ್ತು.

ನಾವಿಬ್ಬರೂ ಕೂತು ಪರೀಕ್ಷೆ ಮಾಡಿದೆವು. 144ಪಿಯಲ್ಲಿ ಬೋರ್ಡಿನ ಮೇಲಿನ ವರ್ಗಮೂಲ ಯಾವುದು, ಭಾಗಾಕಾರ ಯಾವುದು ತಿಳಿಯುವುದಿಲ್ಲ. 360ಪಿಯಲ್ಲಿ ದೊಡ್ಡ ಅಕ್ಷರ ಓದಬಹುದು. 480ಪಿಯಲ್ಲಿ ಎಲ್ಲವೂ ಓದಬಹುದು. ಅದಕ್ಕಿಂತ ಮೇಲೆ ಹೋದರೆ ಅಂಗೈಯಗಲದ ಪರದೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಪಾಠಕ್ಕೆ 480, ಉಳಿದದ್ದಕ್ಕೆ 'ಡೇಟಾ ಸೇವರ್'. ಈ ಒಂದು ಬದಲಾವಣೆಗೇ ಅವಳ ಪ್ಯಾಕ್ ದುಪ್ಪಟ್ಟು ಹೊತ್ತು ಬಾಳತೊಡಗಿತು. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನ 'ಸ್ಟೋರೇಜ್ ಆ್ಯಂಡ್ ಡೇಟಾ'ದಲ್ಲಿ ಫೋಟೊ, ವಿಡಿಯೊ ತಾನಾಗಿಯೇ ಇಳಿಯುವುದನ್ನು ನಿಲ್ಲಿಸಿ. ಅಪ್ಪನ ಫೋನಿಗೆ 'ಶುಭೋದಯ'ಗಳು ದಿನಾ ಎಷ್ಟು ಬಂದು ಬೀಳುತ್ತವೆ ಅಂತ ನಾನು ಎಣಿಸಲು ಹೋಗಲಿಲ್ಲ.

ಇನ್ನೊಂದು ಮಾತು. ದಿನದ ಪ್ಯಾಕ್ ಮುಗಿದರೆ ನೆಟ್ ಪೂರ್ತಿ ಸಾಯುವುದಿಲ್ಲ. ಬಹಳಷ್ಟು ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅದೇ ಗಣಿತದ ಪ್ರಕಾರ ಗಂಟೆಗೆ 28.8 ಎಂಬಿ. ವಿಡಿಯೊ ಓಡುವುದಿಲ್ಲ, ನಿಜ. ಆದರೆ 5 ಎಂಬಿಯ ಪಾಠದ ಪಿಡಿಎಫ್ ಹತ್ತು ಹನ್ನೊಂದು ನಿಮಿಷಕ್ಕೆ ಇಳಿಯುತ್ತದೆ. ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳೆಲ್ಲ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಸರ್ಕಾರವೇ 2023ರ ಜನವರಿಯಿಂದ ಬ್ರಾಡ್‌ಬ್ಯಾಂಡ್ ಎನ್ನಲು ಕನಿಷ್ಠ 2 ಎಂಬಿಪಿಎಸ್ ಇರಬೇಕು ಎಂದಿದೆ, ಅದಕ್ಕೂ ಮೊದಲು 512 ಕೆಬಿಪಿಎಸ್ ಸಾಕಿತ್ತು. 64 ಅಂದರೆ ಆ ಹಳೆಯ ಅಳತೆಯ ಎಂಟನೇ ಒಂದು ಪಾಲು. ಆದರೂ ಅಕ್ಷರ ಓದುವವನಿಗೆ ಅದೂ ಕೆಲಸಕ್ಕೆ ಬರುತ್ತದೆ.

ರಾತ್ರಿ ಹನ್ನೆರಡರ ಸಮಸ್ಯೆ

ನಮ್ಮ ತಮ್ಮ ರಾತ್ರಿ ಹನ್ನೊಂದೂವರೆಗೆ ರೀಲ್ಸ್ ನೋಡುತ್ತಾ ಕೂತಿದ್ದ. ಯಾಕೋ ಮಲಗಲಿಲ್ಲ ಅಂದರೆ, "ಅಣ್ಣಾ, ಉಳದದ್ದು ವೇಸ್ಟ್ ಆಗ್ತದಲ್ಲ." ಹನ್ನೆರಡಾದ ಮೇಲೆ ಕೇಳಿದರೆ, "ಹೊಸಾದು ಬಂತಲ್ಲ." ಎರಡೂ ಉತ್ತರ ಅವನ ಮಟ್ಟಿಗೆ ಸರಿಯೇ.

ದಿನಕ್ಕೆ ಇಷ್ಟು ಎಂಬ ಮಿತಿ ಇರುವುದರಿಂದ ಮಕ್ಕಳು ಹೆಚ್ಚು ನೋಡುವುದಿಲ್ಲ ಅಂತ ಹಿರಿಯರು ತಿಳಿದುಕೊಂಡಿರುತ್ತಾರೆ. ನಡೆಯುವುದು ಉಲ್ಟಾ. ತಿಂಗಳಿಗೆ ಇಷ್ಟು ಎಂದಿದ್ದರೆ ಇವತ್ತು ಉಳಿಸಿದ್ದು ನಾಳೆಗೆ ಬರುತ್ತದೆ, ಮನುಷ್ಯ ಕೈ ಹಿಡಿದು ಖರ್ಚು ಮಾಡುತ್ತಾನೆ. ದಿನದ ಲೆಕ್ಕದಲ್ಲಿ ಉಳಿಸಿದವನೇ ಪೆದ್ದ. 2016ರ ಸೆಪ್ಟೆಂಬರ್ 5ರಂದು ಜಿಯೋ ಬರುವ ಮೊದಲು ಒಂದು ಜಿಬಿಗೆ ಇನ್ನೂರೈವತ್ತು ರೂಪಾಯಿ ಆಸುಪಾಸು ಕೊಟ್ಟು ಅದನ್ನೇ ತಿಂಗಳು ಪೂರ್ತಿ ಬಳಸುತ್ತಿದ್ದ ಕಾಲ ನಮ್ಮ ಹಿರಿಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಈಗ 28 ದಿನಕ್ಕೆ 42 ಜಿಬಿ ಸಿಗುತ್ತದೆ, ಆದರೆ ದಿನದಿನವೂ ಮುಗಿಸಬೇಕು ಎನ್ನುವ ಒತ್ತಾಯದ ಜೊತೆಗೆ. ಆದ್ದರಿಂದ ಮಕ್ಕಳ ಮಿತಿಯನ್ನು ಪ್ಯಾಕ್‌ಗೆ ಒಪ್ಪಿಸಿ ಕೂರಬಾರದು ಎನ್ನುವುದು ನನ್ನ ಮೊದಲ ತೀರ್ಮಾನ. ಕಂಪನಿಗೆ ನಮ್ಮ ಮನೆಯ ನಿದ್ದೆಯ ಹೊತ್ತು ಗೊತ್ತಿಲ್ಲ.

ಹದಿಮೂರು ತಿಂಗಳ ವರ್ಷ

ಅಪ್ಪನ ಅಂದಾಜು "ತಿಂಗಳಿಗೆ ಸಾವಿರ, ವರ್ಷಕ್ಕ ಹನ್ನೆರಡು ಸಾವಿರ" ಅಂತ ಇತ್ತು. ಪ್ಯಾಕ್ 28 ದಿನದ್ದು ಎನ್ನುವುದೇ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. 365ನ್ನು 28ರಿಂದ ಭಾಗಿಸಿದರೆ 13. ವರ್ಷಕ್ಕೆ ಹದಿಮೂರು ರಿಚಾರ್ಜ್. ಉದಾಹರಣೆಗೆ ಜಿಯೋದ ದರ ತೆಗೆದುಕೊಳ್ಳುತ್ತೇನೆ. ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಪ್ಯಾಕ್ 2024ರ ಜುಲೈನಲ್ಲಿ 239ರಿಂದ 299 ರೂಪಾಯಿಗೆ ಏರಿತು. ಉಳಿದ ಖಾಸಗಿ ಕಂಪನಿಗಳೂ ಅದೇ ವಾರ ದರ ಏರಿಸಿದವು. 299ನ್ನು 13ರಿಂದ ಗುಣಿಸಿದರೆ 3,887. ನಾಲ್ಕು ಫೋನಿಗೆ 15,548 ರೂಪಾಯಿ. ಅಪ್ಪ ಒಂದು ಕ್ಷಣ ಸುಮ್ಮನಾಗಿ, "ಒಂದ್ ಆಡಿನ ರೊಕ್ಕ ಆತಲ್ಲೋ" ಅಂದ.

ಇದರಲ್ಲಿ ಉಳಿಸುವ ದಾರಿ ಎರಡು. 84 ದಿನದ ಪ್ಯಾಕ್ 799 ರೂಪಾಯಿ. ಅದನ್ನು ವರ್ಷಕ್ಕೆ ಹರಡಿದರೆ 3,472 ಆಗುತ್ತದೆ, ಫೋನೊಂದಕ್ಕೆ 415 ರೂಪಾಯಿ ಉಳಿತಾಯ. ಆದರೆ ಒಮ್ಮೆಲೆ 799 ಕೈಯಲ್ಲಿರಬೇಕು. ದಿನಗೂಲಿಯ ಮನೆಯಲ್ಲಿ ಅದೇ ಇರುವುದಿಲ್ಲ. ಹೀಗಾಗಿ ರೊಕ್ಕ ಇದ್ದವನಿಗೆ ನೆಟ್ ಅಗ್ಗ, ಇಲ್ಲದವನಿಗೆ ತುಟ್ಟಿ. ಬೇಸಾಯದ ಮನೆಯವರು ತೊಗರಿ ರಾಶಿಯಾಗಿ ಕೈಯಲ್ಲಿ ಹಣ ಬಂದಾಗ ದೊಡ್ಡ ಪ್ಯಾಕ್ ಹಾಕಿಸಿಕೊಳ್ಳುವುದು ಒಳ್ಳೆಯದು. ಟ್ರಾಯ್ 2022ರ ಜನವರಿಯಲ್ಲಿ ಮಾಡಿದ ನಿಯಮದಂತೆ ಪ್ರತಿ ಕಂಪನಿಯಲ್ಲೂ 30 ದಿನದ ಒಂದು ಪ್ಯಾಕ್ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಒಂದು ಪ್ಯಾಕ್ ಇರಲೇಬೇಕು. ಸಂಬಳದವರ ಮನೆಗೆ ಅದು ಅನುಕೂಲ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಬೇಕು.

ಎರಡನೆಯದು, ನೆಟ್ ಬೇಡದ ಫೋನಿಗೆ ನೆಟ್ ಕೊಳ್ಳದಿರುವುದು. ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಬರೀ ಕರೆ ಮತ್ತು ಎಸ್ಎಂಎಸ್‌ಗೆ ಬೇರೆ ಪ್ಯಾಕ್ ಕೊಡಲೇಬೇಕು ಎಂದು ಆದೇಶಿಸಿತು. ಆಮೇಲೆ 2025ರ ಜನವರಿಯಲ್ಲಿ ಅಂಥ ಪ್ಯಾಕ್‌ಗಳು ಬಂದವು. ಜಿಯೋದಲ್ಲಿ 336 ದಿನಕ್ಕೆ 1,748 ರೂಪಾಯಿ, ವರ್ಷಕ್ಕೆ ಲೆಕ್ಕ ಹಾಕಿದರೆ 1,899. ನಮ್ಮವ್ವನ ಫೋನು ತೆಗೆದು ನೋಡಿದೆ. 28 ದಿನದ 42 ಜಿಬಿಯಲ್ಲಿ ಅವಳು ಬಳಸಿದ್ದು ಎರಡು ಜಿಬಿಗೂ ಕಡಿಮೆ! ಅಷ್ಟನ್ನೂ ಪಕ್ಕದ ಮನೆಯ ಹುಡುಗ ಆಟ ಆಡಿ ಮುಗಿಸಿದ್ದಂತೆ.

ಫೈಬರ್ ಯಾವಾಗ ಅಗ್ಗ?

ಮುದ್ದೇಬಿಹಾಳದ ಕಾಕಾ ಕಿರಾಣಿ ಅಂಗಡಿಯವರು, ಲೆಕ್ಕದಲ್ಲಿ ಗಟ್ಟಿ. ಮನೆಗೆ ಫೈಬರ್ ಹಾಕಿಸಿದ್ದಾರೆ, 30 ಎಂಬಿಪಿಎಸ್‌ನ 399ರ ಪ್ಲಾನ್. ಶೇಕಡಾ 18 ಜಿಎಸ್‌ಟಿ ಸೇರಿಸಿದರೆ ತಿಂಗಳಿಗೆ 471, ವರ್ಷಕ್ಕೆ 5,650. "ನಮಗ ಅನ್‌ಲಿಮಿಟೆಡ್ ಅದಪಾ, ಚಿಂತಿಲ್ಲ" ಅಂತ ಹೇಳಿದರು. ಫೋನ್‌ಗಳ ಪ್ಯಾಕ್ ಏನು ಮಾಡಿದಿರಿ ಕಾಕಾ ಅಂದೆ. ನಾಲ್ಕೂ ಫೋನಿಗೆ ಮೊದಲಿನ 299ರ ಪ್ಯಾಕ್ ಹಾಗೇ ನಡೆದಿತ್ತು. 15,548ಕ್ಕೆ 5,650 ಕೂಡಿಸಿ, 21,198! ಅಂಗಡಿಯ ಉದ್ರಿ ವಹಿಯಲ್ಲಿ ಎಂಟಾಣೆ ಬಿಡದ ಮನುಷ್ಯ ಒಂದೇ ನೀರಿಗೆ ಎರಡು ನಳದ ಬಿಲ್ ಕಟ್ಟುತ್ತಿದ್ದರು.

ಇಲ್ಲಿ ನಾನು ಒಂದು ಬ್ರೇಕ್‌ಈವನ್ ಲೆಕ್ಕ ಮಾಡಿದೆ. ಒಂದು ಫೋನನ್ನು 299ರ ಪ್ಯಾಕಿನಿಂದ ಬರೀ ಕರೆಯ ಪ್ಯಾಕಿಗೆ ಇಳಿಸಿದರೆ ವರ್ಷಕ್ಕೆ ಉಳಿಯುವುದು 3,887ರಲ್ಲಿ 1,899 ಕಳೆದು 1,988. ಫೈಬರಿನ 5,650ನ್ನು ಇದರಿಂದ ಭಾಗಿಸಿದರೆ 2.84. ಅಂದರೆ ಮೂರು ಫೋನು ಇಳಿಸಿದರೆ ಫೈಬರ್ ತನ್ನ ಖರ್ಚು ತಾನೇ ತೂಗಿಸುತ್ತದೆ. ಮೊದಲಿನಿಂದಲೇ 84 ದಿನದ ಪ್ಯಾಕ್ ಹಾಕುವ ಮನೆಯಾದರೆ ನಾಲ್ಕು ಫೋನು ಇಳಿಸಬೇಕು. ಅದಕ್ಕಿಂತ ಕಡಿಮೆ ಜನರ ಮನೆಗೆ, ಖರ್ಚೊಂದನ್ನೇ ನೋಡಿದರೆ, ಫೈಬರ್ ಲಾಭವಲ್ಲ. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಕಾಕಾ ಅಂಗಡಿಯಲ್ಲಿ ಯುಪಿಐ ನೋಡಬೇಕು, ಅವರ ಪ್ಯಾಕ್ ಉಳಿಸಿದೆವು. ಉಳಿದ ಮೂರು ಫೋನು ಕರೆಯ ಪ್ಯಾಕಿಗೆ. ಬ್ಯಾಂಕಿನ ಒಟಿಪಿ ಎಸ್ಎಂಎಸ್ ಬರುತ್ತದೆ, ಆ ಹೆದರಿಕೆ ಬೇಡ. ಒಟ್ಟು 15,234ಕ್ಕೆ ಇಳಿಯಿತು.

ಇದರಿಂದ ಎಂಟನೇ ಕ್ಲಾಸಿನ ಅವರ ಮಗನಿಗೆ ಆದ ಬದಲಾವಣೆ ಖರ್ಚಿಗಿಂತ ದೊಡ್ಡದು. ಈಗ ಅವನ ಕೈಗೆ ಬರುವ ಫೋನಿಗೆ ಮನೆಯ ಹೊರಗೆ ನೆಟ್ ಇಲ್ಲ. ಗೆಳೆಯರ ಜೊತೆ ಗುಡಿಯ ಕಟ್ಟೆ ಮೇಲೆ ಕೂತು ಆಡುತ್ತಿದ್ದ ಆಟ ಪಡಸಾಲೆಗೆ ಬಂತು. ಪಡಸಾಲೆಯಲ್ಲಿ ಕಾಕು ಇರುತ್ತಾರೆ. ಹತ್ತು ಗಂಟೆಗೆ ಅವರು ರೂಟರಿನ ಸ್ವಿಚ್ ತೆಗೆಯುತ್ತಾರೆ. ನಾನು ನೋಡಿದ ಪೇರೆಂಟಲ್ ಕಂಟ್ರೋಲ್‌ಗಳಲ್ಲೆಲ್ಲ ಕೈಕೊಡದ್ದು ಆ ಸ್ವಿಚ್ಚೇ. ದೊಡ್ಡವರಿಗೆ ರಾತ್ರಿ ನೆಟ್ ಬೇಕಿದ್ದರೆ ರೂಟರಿನ ಸೆಟ್ಟಿಂಗ್ಸ್‌ಗೆ ಹೋಗಿ ಮಗುವಿನ ಫೋನಿಗೆ ಮಾತ್ರ ವೇಳೆ ಹಾಕಬಹುದು. ಬ್ರೌಸರಿನಲ್ಲಿ 192.168.1.1 ಎಂದು ಹೊಡೆದರೆ ಬಹಳ ರೂಟರುಗಳು ತೆರೆದುಕೊಳ್ಳುತ್ತವೆ, ಪಾಸ್‌ವರ್ಡ್ ಪೆಟ್ಟಿಗೆಯ ಬೆನ್ನಿಗೆ ಅಂಟಿಸಿರುತ್ತಾರೆ. ಒಳಹೋದ ಕೂಡಲೇ ಆ ಪಾಸ್‌ವರ್ಡ್ ಬದಲಿಸಿ, ಇಲ್ಲದಿದ್ದರೆ ಹುಡುಗನೂ ಒಳಗೆ ಬರುತ್ತಾನೆ!

ಆದರೆ ಒಂದು ಎಚ್ಚರಿಕೆ. ಇಂಥ ಪ್ಲಾನ್‌ಗಳ ತಿಂಗಳ ಮಿತಿ ಸಾಮಾನ್ಯವಾಗಿ 3,300 ಜಿಬಿ, ದಿನಕ್ಕೆ 110 ಜಿಬಿ. ಯಾವ ಮಗುವೂ ಅದನ್ನು ನೋಡಿ ಮುಗಿಸಲಾರದು. ಫೈಬರ್ ಬಂದ ಮನೆಯಲ್ಲಿ ಜಿಬಿ ಎಂಬ ಬ್ರೇಕ್ ಇರುವುದಿಲ್ಲ, ಗಂಟೆಯನ್ನೇ ಎಣಿಸಬೇಕು. ಅದಕ್ಕೆ ಮೊದಲೇ ಮನೆಯಲ್ಲಿ ಮಾತಾಡಿಕೊಂಡು ತಂತಿ ಎಳೆಸಿ. ಇನ್ನು ಕರೆಂಟ್ ಹೋದರೆ ರೂಟರೂ ಹೋಗುತ್ತದೆ. ಸಣ್ಣ ಡಿಸಿ ಯುಪಿಎಸ್ ಸಿಗುತ್ತದೆ, ಕೊಳ್ಳುವಾಗ ರೂಟರಿನ ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಬರೆದುಕೊಂಡು ಹೋಗಿ.

ಇಂಡಿಯ ಕೂಸು, ಬಾಗೇವಾಡಿಯ ಅಜ್ಜಿ

ಅಕ್ಕನ ಮನೆಯಲ್ಲಿ ನಿಂಬೆಯ ತೋಟ. ಅಕ್ಕನ ಗಂಡನಿಗೆ ಸೊಲ್ಲಾಪುರದ ಧಾರಣೆ ತಿಳಿಯಲು ಫೋನು ಬೇಕು, ಮೂರು ವರ್ಷದ ಕೂಸಿಗೆ ಊಟ ಮಾಡಲು ಅದೇ ಫೋನು ಬೇಕು. ಕೂಸು ದಿನಾ ನೋಡುವುದು ಒಂದೇ ಹಾಡು. ಮೂರು ನಿಮಿಷದ ಹಾಡು 480ಪಿಯಲ್ಲಿ ಇಪ್ಪತ್ತೆರಡು ಎಂಬಿ, ಇಪ್ಪತ್ತು ಸಲ ನೋಡಿದರೆ ಹತ್ತಿರ ಹತ್ತಿರ ಅರ್ಧ ಜಿಬಿ. ಯೂಟ್ಯೂಬಿನಲ್ಲೇ ಡೌನ್‌ಲೋಡ್ ಒತ್ತಿ ಒಮ್ಮೆ ಇಳಿಸಿಟ್ಟು ನೆಟ್ ಬಂದ್ ಮಾಡಿ ಕೊಟ್ಟರೆ ಖರ್ಚೂ ಇಲ್ಲ, ಮುಂದಿನ ವಿಡಿಯೊ ತಾನಾಗಿ ಬರುವುದೂ ಇಲ್ಲ. ಅಕ್ಕನಿಗೆ ಹೆಚ್ಚು ಖುಷಿಯಾದದ್ದು ಈ ಎರಡನೆಯದಕ್ಕೆ. ಹಾಡು ಮುಗಿದರೆ ಫೋನೂ ಮುಗಿಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಇನ್ನೂ ಕಡಿಮೆ ಇದ್ದಷ್ಟು ಒಳ್ಳೆಯದು ಅಂತ. ಆ ಫೋನಿನಲ್ಲೇ ಯುಪಿಐ ಇರುವುದರಿಂದ ಪ್ಲೇಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಟ್ಟು ಬಂದೆ.

ಬಾಗೇವಾಡಿ ಕಡೆಯ ಮಾಮಾನ ಮನೆಯ ಕಥೆ ಬೇರೆ. ಅಲ್ಲಿಗೆ ಫೈಬರ್ ಬಂದಿಲ್ಲ. ಮಾಮಾ, ಅತ್ತಿ ಇಬ್ಬರೂ ವರ್ಷದಲ್ಲಿ ಏಳೆಂಟು ತಿಂಗಳು ಪುಣೆಗೆ ಕಟ್ಟಡದ ಕೆಲಸಕ್ಕೆ ದುಡಿಯಾಕ ಹೋಗುತ್ತಾರೆ. ಹನ್ನೊಂದು ವರ್ಷದ ಮೊಮ್ಮಗ ಅಜ್ಜಿಯ ಜೊತೆ. ಅಜ್ಜಿಯದು ಬಟನ್ ಫೋನು, ಮನೆಯ ಟಚ್ ಫೋನು ಹುಡುಗನ ಕೈಯಲ್ಲಿ. ಅಪ್ಪ ಅವ್ವನ ಮುಖ ಕಾಣುವುದು ಅದರಲ್ಲೇ. ಆ ಫೋನು ಕಸಿದುಕೋ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಫೋನು ತೆರೆದು ನೋಡಿದರೆ ಗೂಗಲ್ ಖಾತೆ ಮಾಮಾನ ಹೆಸರಲ್ಲಿ, ಮಾಮಾನ ಹುಟ್ಟಿದ ತಾರೀಖಿನಲ್ಲಿ. ಅಂದರೆ ಯೂಟ್ಯೂಬಿನ ಪಾಲಿಗೆ ಆ ಹುಡುಗ ನಲವತ್ತರ ಗಂಡಸು. ಅದಕ್ಕೆ ತಕ್ಕ ವಿಡಿಯೊ ತೋರಿಸುತ್ತಿತ್ತು, ಜೂಜಿನಂಥ ಆಟಗಳ ಮಾತನ್ನೂ ಸೇರಿಸಿ. ರೊಕ್ಕ ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ, ಅದನ್ನು ಹುಡುಗನಿಗೂ ಹೇಳಿದೆ. ನಮ್ಮ ಹಳ್ಳಿಗಳಲ್ಲಿ ಮಕ್ಕಳ ಕೈಯಲ್ಲಿರುವ ಬಹಳ ಫೋನುಗಳ ಸ್ಥಿತಿ ಇದೇ. ಉಳಿದ ಸೆಟ್ಟಿಂಗ್ಸ್ ಎಲ್ಲ ಆಮೇಲೆ, ಮೊದಲು ಮಗುವಿನ ನಿಜವಾದ ವಯಸ್ಸಿನ ಖಾತೆ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18ರ ಒಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರನ್ನು ಗುರಿ ಮಾಡಿದ ಜಾಹೀರಾತು ಕೂಡದು ಎನ್ನುತ್ತದೆ. ಆದರೆ ನಾವೇ ಮಗುವನ್ನು ದೊಡ್ಡವನೆಂದು ಬರೆಸಿದರೆ ಆ ಕಾಯಿದೆ ಯಾರನ್ನು ಕಾಯಬೇಕು?

'ಫ್ಯಾಮಿಲಿ ಲಿಂಕ್' ಎಂಬ ಗೂಗಲ್ ಆ್ಯಪ್ ಹಾಕಿ ಅದನ್ನು ಪುಣೆಯಲ್ಲಿರುವ ಮಾಮಾನ ಫೋನಿಗೆ ಜೋಡಿಸಿದೆ. ಹೊಸ ಆ್ಯಪ್ ಇಳಿಸಬೇಕಾದರೆ ಮಾಮಾ ಅಲ್ಲಿಂದ ಒಪ್ಪಬೇಕು. ರಾತ್ರಿ ಒಂಬತ್ತೂವರೆಗೆ ಫೋನಿಗೆ ಬೀಗ, ಆಗಲೂ ಫೋನ್ ಕರೆ ಬರುತ್ತದೆ. ಎಷ್ಟು ಹೊತ್ತು ಏನು ನೋಡಿದ ಎನ್ನುವುದು ಮಾಮಾನಿಗೆ ಕಾಣುತ್ತದೆ. 13 ದಾಟಿದ ಮಕ್ಕಳಾದರೆ ಇದಕ್ಕೆ ಅವರ ಒಪ್ಪಿಗೆಯೂ ಬೇಕು. ಜೊತೆಗೆ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೇಟ್ ಡಿಎನ್ಎಸ್' ಎಂಬಲ್ಲಿ ಕ್ಲೌಡ್‌ಫ್ಲೇರ್‌ನ ಫ್ಯಾಮಿಲಿ ವಿಳಾಸ ಬರೆದರೆ ಅಶ್ಲೀಲ ಜಾಲತಾಣಗಳು ತೆರೆಯುವುದಿಲ್ಲ, ರೂಟರಿನಲ್ಲಿ ಹಾಕುವುದಾದರೆ ಆ ವಿಳಾಸ 1.1.1.3. ಪುಕ್ಕಟೆ ಸಿಗುತ್ತದೆ. ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಒಳಗಿನದನ್ನು ಇದು ತಡೆಯುವುದಿಲ್ಲ ಎನ್ನುವುದು ಗೊತ್ತಿರಲಿ.

ಅಜ್ಜಿ ಇದನ್ನೆಲ್ಲ ನೋಡಿ ಕೇಳಿದಳು, "ಇಷ್ಟ ಕೀಲಿ ಹಾಕೂ ಬದ್ಲಿ ಅವಂಗ ಬ್ಯಾರೆ ಏನಾರ ಮಾಡಾಕ ಕೊಡ್ರಿ." ಮಾತು ಸರಿ ಇತ್ತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರ್‌ನಿಂದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಅವಕ್ಕೆ 'ಅರಿವು ಕೇಂದ್ರ' ಎಂಬ ಹೆಸರು, ಹಲವು ಕಡೆ ಕಂಪ್ಯೂಟರೂ ಇದೆ. ಹುಡುಗನನ್ನು ಮರುದಿನ ಕರೆದುಕೊಂಡು ಹೋಗಿ ಹೆಸರು ಬರೆಸಿದೆ. ಅವನು ಅಲ್ಲಿ ಮೊದಲು ಹುಡುಕಿದ್ದು ಕೇರಂ ಬೋರ್ಡ್. ಇರಲಿ.

ಬಂದ್ ಮಾಡಿದರೆ ಆಗುವುದೇನು

ಅವ್ವನ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. 2024ರ 'ಅಸರ್' ವರದಿಯಲ್ಲಿ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳಲ್ಲಿ ಶೇಕಡಾ 82.2ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಹಿಂದಿನ ವಾರದಲ್ಲಿ ಓದಿಗಾಗಿ ಬಳಸಿದವರು ಶೇಕಡಾ 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇಕಡಾ 76. ತಂಗಿಯೂ ಇನ್‌ಸ್ಟಾಗ್ರಾಮ್ ನೋಡುತ್ತಾಳೆ. ನಾನೂ ನೋಡುತ್ತೇನೆ.

ಆದರೆ ಅವಳ ಕೈಗೆ ಫೋನು ಕೊಟ್ಟವರು ನಾವೇ. 2020ರಲ್ಲಿ ಶಾಲೆ ಮುಚ್ಚಿದಾಗ ಅವಳು ಐದನೆಯ ತರಗತಿ, ನಾನು ಹತ್ತನೆಯದು. ಆ ವರ್ಷದ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡ ಅಂದಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು, ಕಲಿಯುವ ಹಕ್ಕನ್ನು ಹಾಗೆ ನಿಲ್ಲಿಸುವಂತಿಲ್ಲ ಎಂದು. ಜುಲೈ 20ರಿಂದ ಚಂದನ ವಾಹಿನಿಯಲ್ಲಿ ನಮಗೆ 'ಸಂವೇದ' ಪಾಠಗಳು ಬಂದವು. ಆಗಸ್ಟ್‌ನಿಂದ 'ವಿದ್ಯಾಗಮ' ಎಂದು ಮೇಷ್ಟ್ರುಗಳೇ ಓಣಿಗೆ ಬಂದು ಗುಡಿಯ ಪಡಸಾಲೆಯಲ್ಲಿ ಕಲಿಸಿದರು. ಮನೆಯಲ್ಲಿ ಒಂದೇ ಫೋನು. ಎಸ್ಸೆಸ್ಸೆಲ್ಸಿ ಅಂತ ಅದು ನನಗೆ ಸಿಕ್ಕಿತು, ಅವಳಿಗೆ ಸಿಗಲಿಲ್ಲ. 2021ರ ಜುಲೈನಲ್ಲಿ ಎರಡೇ ದಿನದ, ಗುರುತು ಹಾಕುವ ಪರೀಕ್ಷೆ ಬರೆದು ನಾನು ಪಾಸಾದೆ. ಅವಳ ಭಿನ್ನರಾಶಿ ಆ ವರ್ಷ ತಪ್ಪಿದ್ದು ಇನ್ನೂ ಸರಿಯಾಗಿ ಕೂಡಿಲ್ಲ. ಈಗ ವಿಡಿಯೊ ನೋಡಿ ಅದನ್ನೇ ಕಲಿಯುತ್ತಿದ್ದಳು.

ಹಾಸ್ಟೆಲಿನಲ್ಲಿರುವ ನಮಗೆ ಇನ್ನೊಂದು ಪ್ರಕರಣ ಗೊತ್ತಿರಬೇಕು. ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ಹತ್ತರವರೆಗೆ ಫೋನು ಒಪ್ಪಿಸಬೇಕೆಂಬ ನಿಯಮವಿತ್ತು. ಒಪ್ಪದ ವಿದ್ಯಾರ್ಥಿನಿ ಫಹೀಮಾ ಶಿರಿನ್ ಅವರನ್ನು ಹೊರಹಾಕಿದರು. 2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟ್, ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೇ ಎಂದು ತೀರ್ಪು ಕೊಟ್ಟಿತು. ಇದನ್ನು ಅಪ್ಪನಿಗೆ ಹೇಳಿದೆ. "ಕೋರ್ಟ್ ರಿಚಾರ್ಜ್ ಹಾಕ್ಸಂಗಿಲ್ಲಲ್ಲ" ಅಂದ. ಹಾಗಾಗಿ ಲೆಕ್ಕಕ್ಕೇ ಬಂದೆವು.

ತಂಗಿಯದನ್ನು ಬಂದ್ ಮಾಡಿ ಉಳಿದ ಮೂರಕ್ಕೆ 299ರ ಪ್ಯಾಕ್ ಹಾಕಿದರೆ ವರ್ಷಕ್ಕೆ 11,661. ಅವ್ವನಿಗೆ ಕರೆಯ ಪ್ಯಾಕ್ 1,899, ಅಪ್ಪ, ತಮ್ಮ, ತಂಗಿ ಮೂವರಿಗೂ 84 ದಿನದ ಪ್ಯಾಕ್ 10,416. ಒಟ್ಟು 12,315. ತಂಗಿಯನ್ನು ಹೊರಗಿಡುವುದಕ್ಕೂ ಒಳಗಿಟ್ಟುಕೊಳ್ಳುವುದಕ್ಕೂ ವರ್ಷಕ್ಕೆ 654 ರೂಪಾಯಿ ಫರಕು. ಅಪ್ಪ ಎರಡು ಸಲ ಕೂಡಿಸಿ ನೋಡಿದ. "ಹಾಟ್‌ಸ್ಪಾಟ್ ಕೊಟ್ರ ನಡ್ಯಂಗಿಲ್ಲೇನು, ನಂದು ಉಳಿತದಲ್ಲ?" ಅಂದ. ತಂಗಿ ಆಗ ಮೊದಲ ಸಲ ಮಾತಾಡಿದಳು: "ನೀ ಹೊಲದಿಂದ ಬರೂದು ಎಂಟಕ್ಕ, ನಾ ಓದೂದು ಐದಕ್ಕ." ಅಪ್ಪ ಒಪ್ಪಿದ.

ಅವ್ವನೂ ಒಪ್ಪಬೇಕಲ್ಲ. ಅವಳ ಕರಾರು ಒಂದೇ: ಫೋನು ಪಡಸಾಲೆಯಲ್ಲಿ, ರಾತ್ರಿ ಹತ್ತಕ್ಕೆ ದೇವರ ಮಾಡದ ಪಕ್ಕದ ಗೂಡಿನಲ್ಲಿ ಚಾರ್ಜಿಗೆ. ಈ ಕರಾರು ತಮ್ಮನಿಗೂ ಅನ್ವಯ ಅಂತ ತಂಗಿ ಹಟ ಹಿಡಿದು ಬರೆಸಿದಳು. ರೊಕ್ಕ ಹೋದರೆ ಕೂಡಲೇ 1930ಕ್ಕೆ, ಯಾರಾದರೂ ಕಾಡಿದರೆ 1098ಕ್ಕೆ ಎಂದು ಎರಡು ನಂಬರನ್ನೂ ಕ್ಯಾಲೆಂಡರಿನ ಪಕ್ಕ ಬರೆದೆ. ಏನಾದರೂ ತಪ್ಪಾದರೆ ಮೊದಲು ಮನೆಯಲ್ಲಿ ಹೇಳಬೇಕು, ಹೇಳಿದವರ ಫೋನು ಕಸಿಯುವಂತಿಲ್ಲ ಎನ್ನುವ ಸಾಲು ಸೇರಿಸಲು ಅವ್ವನಿಗೆ ಬಹಳ ಹೊತ್ತು ಬೇಕಾಯಿತು. ಕಸಿದುಕೊಳ್ಳುತ್ತಾರೆಂಬ ಹೆದರಿಕೆಗೇ ಮಕ್ಕಳು ಮುಚ್ಚಿಡುತ್ತಾರೆ ಅಂತ ನಾನೂ ಪಟ್ಟು ಬಿಡಲಿಲ್ಲ.

ಎಲ್ಲ ಮುಗಿಸಿ ನೋಟ್‌ಬುಕ್ ಮುಚ್ಚುವಾಗ ತಂಗಿ ಕೇಳಿದಳು, "ಅಣ್ಣಾ, ನಾಕ್ ಫೋನ್ ಬರದಿ. ನಿಂದೆಲ್ಲಿ?"

ಹಾಸ್ಟೆಲಿನಲ್ಲಿ ವೈಫೈ ಇದೆ. ಅದರ ಮೇಲೆ ನಾನು ಹಾಕಿಸಿಕೊಳ್ಳುವುದು ದಿನಕ್ಕೆ ಎರಡು ಜಿಬಿಯ 349ರ ಪ್ಯಾಕ್. ಹದಿಮೂರರಿಂದ ಗುಣಿಸಿ ಅವಳೇ ಬರೆದಳು: 4,537. ಐದು ಸಾಲಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಅಂಕಿ. ಅವಳು ಅದರ ಕೆಳಗೆ ಎರಡು ಗೆರೆ ಎಳೆದು ನೋಟ್‌ಬುಕ್ಕನ್ನು ಅಪ್ಪನ ಕೈಗೆ ಕೊಟ್ಟಳು.